ಹದಿನೇಳರ ಹುಡುಗನ ಜಾತಕ: ಅಮೆರಿಕದ ಲೈನ್‌ಬ್ಯಾಕರನೂ ಅಭಿಮಾನಿಗಳ ವಾಗ್ವಾದವೂ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ, ವಿಶೇಷವಾಗಿ ಟೆಕ್ಸಸ್, ಜಾರ್ಜಿಯ, ಅಲಬಾಮ, ಒಹಾಯೊ ಮುಂತಾದ ಪ್ರಾಂತಗಳಲ್ಲಿ, ಶರತ್ಕಾಲದ ಶುಕ್ರವಾರ ರಾತ್ರಿ ಹೈಸ್ಕೂಲು ಹುಡುಗರ ಫುಟ್‌ಬಾಲ್ ಪಂದ್ಯ ಮುಗಿದು, ಮೈದಾನದ ದೀಪಗಳು ಆರಿ, ಬ್ಯಾಂಡಿನವರು ತಮ್ಮ ತುತ್ತೂರಿಗಳನ್ನು ಪೆಟ್ಟಿಗೆಗೆ ಸೇರಿಸಿದ ಮೇಲೆಯೂ ಮನೆಗೆ ಹೋಗಲೊಲ್ಲದೆ ಕಾರುಗಳಿಗೆ ಒರಗಿ ನಿಂತು ಮಾತನಾಡುವ ಗುಂಪೊಂದು ಊರೂರಿಗೂ ಇರುತ್ತದೆ. ಅವರ ಮಾತಿಗೆ ವಸ್ತು ಆ ದಿನದ ಸೋಲುಗೆಲವಲ್ಲ. ಊರಿನ ತಂಡದಲ್ಲಿ ಲೈನ್‌ಬ್ಯಾಕರ್ ಆಗಿ ಆಡುವ ಹದಿನೇಳು ವರ್ಷದ ಹುಡುಗನೊಬ್ಬನನ್ನು ಯಾವ ಕಾಲೇಜು ಕರೆದೀತು ಎಂಬುದು. ಒಬ್ಬನು ಅವನ ಭುಜದ ಅಗಲವನ್ನು ಹೊಗಳಿ, ಇನ್ನು ಹದಿನೈದು ಪೌಂಡು ಮೈ ಕೂಡಿದರೆ ಅಲಬಾಮದವರೇ ಬಾಗಿಲಿಗೆ ಬಂದಾರೆಂದು ನುಡಿದರೆ, ಮತ್ತೊಬ್ಬನು ಹುಡುಗನ ಓಟ ಸಾಲದೆಂದೂ ನೆರೆಯ ಪ್ರಾಂತದ ಸಣ್ಣ ಕಾಲೇಜೇ ಅವನಿಗೆ ತಕ್ಕ ಸ್ಥಳವೆಂದೂ ಸಾಧಿಸುತ್ತಾನೆ. ಮೂರನೆಯವನು, ಇಂಥ ಮಾತನ್ನು ಮೂವತ್ತು ವರ್ಷ ಕೇಳಿ ದಣಿದವನು, ಯಾರು ಯಾರು ಆಫರು ಕೊಟ್ಟಿದ್ದಾರೆ, ಅಷ್ಟು ಹೇಳಿ ಸಾಕು, ಎನ್ನುತ್ತಾನೆ.

ಈ ವಾದ ತಲೆಮಾರುಗಳಿಂದ ನಡೆದುಬಂದು ತನ್ನದೇ ಪಂಥಗಳನ್ನು ಪಡೆದಿದೆ. ನಮ್ಮ ನೈಯಾಯಿಕರಲ್ಲಿ ಪ್ರಮಾಣವಿಚಾರವಿದ್ದಂತೆ ಇವರಲ್ಲಿಯೂ ಪ್ರತ್ಯಕ್ಷವನ್ನು ನೆಚ್ಚುವವರು, ಅನುಮಾನವನ್ನು ನೆಚ್ಚುವವರು, ಆಪ್ತವಾಕ್ಯವನ್ನು ನೆಚ್ಚುವವರು ಎಂದು ಬಣಗಳುಂಟು. ಬಣಗಳ ಹೆಸರು ಮಾತ್ರ ಅವರಿಗೆ ಗೊತ್ತಿಲ್ಲ. ಮಿಕ್ಕ ಆಟಗಾರರ ವಿಷಯದಲ್ಲಿ ಈ ಬಣಗಳು ಆಗಾಗ ಒಮ್ಮತಕ್ಕೆ ಬರುವುದುಂಟು. ಲೈನ್‌ಬ್ಯಾಕರನ ವಿಷಯದಲ್ಲಿ ಬರುವುದು ಅಪರೂಪ. ಅದೇಕೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಸಾಲಿನ ಹಿಂದೆ ನಿಂತವನು

ಇಲ್ಲಿ ಫುಟ್‌ಬಾಲ್ ಎಂದರೆ ನಾವು ಕಾಲಿನಿಂದ ಒದೆಯುವ ಚೆಂಡಾಟವಲ್ಲ; ಅದನ್ನು ಆ ಜನ ಸಾಕರ್ ಎಂದು ಕರೆದು ಪಕ್ಕಕ್ಕಿಟ್ಟಿದ್ದಾರೆ. ಇದು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಅಡ್ಡಬಂದವರನ್ನು ಮೈಮೇಲೆ ಬಿದ್ದು ಕೆಡವುವ ಆಟ. ಪಕ್ಷಕ್ಕೆ ಹನ್ನೊಂದು ಜನ. ಚೆಂಡು ಎದುರಾಳಿಯ ಕೈಯಲ್ಲಿರುವಾಗ ರಕ್ಷಣೆಯ ಪಕ್ಷದಲ್ಲಿ ಮೂವರೋ ನಾಲ್ವರೋ ದೈತ್ಯಕಾಯರು ನೆಲಕ್ಕೆ ಕೈಯೂರಿ ಮುಂದಿನ ಸಾಲಾಗಿ ಕುಳಿತರೆ, ಆ ಸಾಲಿನ ನಾಲ್ಕೈದು ಗಜ ಹಿಂದೆ ಮೊಣಕಾಲು ಬಾಗಿಸಿ ನಿಂತು ಎಲ್ಲವನ್ನೂ ನೋಡುತ್ತಿರುವವನೇ ಲೈನ್‌ಬ್ಯಾಕರ್. ಅವನಿಗೆ ಕೆಲಸ ಮೂರು: ಚೆಂಡು ಹಿಡಿದು ನುಗ್ಗುವವನನ್ನು ಕೆಡವುವುದು, ಎಸೆದ ಚೆಂಡನ್ನು ಹಿಡಿಯಹೋಗುವವನ ಬೆನ್ನು ಬಿಡದಿರುವುದು, ಸಮಯ ಬಂದಾಗ ಎಸೆಯುವವನ ಮೇಲೆಯೇ ಏರಿಹೋಗುವುದು. ಈ ಮೂರರಲ್ಲಿ ಈ ಕ್ಷಣ ಮಾಡತಕ್ಕದ್ದು ಯಾವುದೆಂಬುದು ಚೆಂಡು ಕದಲಿದ ಮೇಲೆಯೇ ತಿಳಿಯುವುದರಿಂದಲೂ, ತಿಳಿದುಕೊಳ್ಳುವುದಕ್ಕೆ ಕಣ್ಣೆವೆ ಮುಚ್ಚಿ ತೆರೆಯುವಷ್ಟು ಹೊತ್ತೂ ಸಿಕ್ಕದಿರುವುದರಿಂದಲೂ, ತಪ್ಪಾಗಿ ಎಣಿಸಿ ಎರಡು ಹೆಜ್ಜೆ ಮುಂದಿಟ್ಟ ವೇಗಿಗಿಂತ ಸರಿಯಾಗಿ ಎಣಿಸಿ ಒಂದು ಹೆಜ್ಜೆ ಇಟ್ಟ ಮಂದಗತಿಯವನೇ ಮೊದಲು ಮುಟ್ಟುತ್ತಾನೆ. ಮುಂದಿನ ವಿವಾದವೆಲ್ಲದರ ಬೇರು ಇಲ್ಲಿದೆ.

ಈ ಸ್ಥಾನದ ಲಕ್ಷಣವೇ ಕಾಲಕಾಲಕ್ಕೆ ಬದಲಾಗಿದೆಯೆಂಬುದನ್ನು ಮರೆಯಬಾರದು. ಷಿಕಾಗೊ ಬೇರ್ಸ್ ತಂಡದ ಬಿಲ್ ಜಾರ್ಜ್ ಎಂಬಾತನು 1954ರಲ್ಲಿ, ಸಾಲಿನ ನಡುವೆ ಕುಳಿತು ಎದುರಿಗನ ಮೇಲೆ ಬೀಳುವಷ್ಟರಲ್ಲಿ ಚೆಂಡು ತನ್ನ ತಲೆಯ ಮೇಲೆಯೇ ಹಾರಿಹೋಗುವುದನ್ನು ಕಂಡು ಬೇಸತ್ತು, ಎದ್ದು ಹಿಂದೆ ಸರಿದು ನಿಂತನೆಂದೂ, ನಡುವಣ ಲೈನ್‌ಬ್ಯಾಕರ್ ಹುಟ್ಟಿದುದು ಹಾಗೆಂದೂ ಆಟದ ಇತಿಹಾಸಕಾರರು ಹೇಳುತ್ತಾರೆ. 1960ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡದ ಸ್ಯಾಮ್ ಹಫ್‌ನನ್ನು ಕುರಿತು ಟೆಲಿವಿಷನ್ನಿನಲ್ಲಿ ಸಾಕ್ಷ್ಯಚಿತ್ರವೇ ಬಂದಿತು. ಷಿಕಾಗೊ ನಗರದ ವೃತ್ತಿಶಿಕ್ಷಣದ ಹೈಸ್ಕೂಲಿನಲ್ಲಿ ಕಲಿತು, ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆಡಿ, 1965ರಲ್ಲಿ ಬೇರ್ಸ್ ಸೇರಿದ ಡಿಕ್ ಬಟ್ಕಸ್‌ನ ಕಾಲಕ್ಕೆ ಲೈನ್‌ಬ್ಯಾಕರ್ ಎಂದರೆ ಭೀಮಕಾಯನೂ ರೌದ್ರಮೂರ್ತಿಯೂ ಆಗಿರಬೇಕೆಂಬ ಭಾವನೆ ಬೇರೂರಿತು. ಉತ್ತಮ ಲೈನ್‌ಬ್ಯಾಕರನಿಗೆ 1985ರಿಂದ ಕೊಡುತ್ತಿರುವ ಪ್ರಶಸ್ತಿಗೆ ಅವನ ಹೆಸರನ್ನೇ ಇಟ್ಟಿದ್ದಾರೆ. 1981ರಲ್ಲಿ ಬಂದ ಲಾರೆನ್ಸ್ ಟೇಲರ್ ಅಂಚಿನಿಂದ ನುಗ್ಗಿ ಚೆಂಡೆಸೆಯುವವನನ್ನೇ ಕೆಡವುವ ಹೊಸ ವಿದ್ಯೆ ತೋರಿದನು. ತರುವಾಯ ಆಟಗಾರರನ್ನು ಮೈದಾನದ ಅಗಲಕ್ಕೂ ಹರಡಿ ಚೆಂಡನ್ನು ಬೇಗಬೇಗ ಎಸೆಯುವ ಪದ್ಧತಿ ಹೈಸ್ಕೂಲುಗಳಿಗೂ ಇಳಿದುಬಂದಮೇಲೆ, ಭೀಮನಿಗಿಂತ ಅರ್ಜುನನೇ ಬೇಕಾದನು. ತಂದೆಯ ಕಾಲದ ಲೈನ್‌ಬ್ಯಾಕರನನ್ನು ಮನಸ್ಸಿನಲ್ಲಿಟ್ಟುಕೊಂಡು ಮಗನ ಕಾಲದ ಹುಡುಗನನ್ನು ಅಳೆಯುವವರು ಇಂದಿಗೂ ಆ ಕಾರುಗಳ ಬಳಿ ಇದ್ದಾರೆ.

ಕರೆಯುವ ಪದ್ಧತಿ ಬೆಳೆದ ಬಗೆ

ಕಾಲೇಜಿನವರು ಆಟಗಾರರನ್ನು ಹುಡುಕಿ ಸೆಳೆದುಕೊಳ್ಳುವುದಕ್ಕೆ ರಿಕ್ರೂಟಿಂಗ್ ಎಂದು ಹೆಸರು. ಸೇನೆಗೆ ಸಿಪಾಯಿಗಳನ್ನು ಸೇರಿಸಿಕೊಳ್ಳುವಾಗ ಬಳಸುವ ಶಬ್ದವೇ ಅದು. ಇದರ ಮೇಲಿನ ದೂರು ಹಳೆಯದು. ಕಾರ್ನೆಗೀ ಪ್ರತಿಷ್ಠಾನವು 1929ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಾನು ಪರೀಕ್ಷಿಸಿದ ಕಾಲೇಜುಗಳಲ್ಲಿ ಬಹುಪಾಲು ಆಟಗಾರರಿಗೆ ಒಂದಲ್ಲ ಒಂದು ರೂಪದಲ್ಲಿ ಹಣ ಸಲ್ಲಿಸುತ್ತಿದ್ದುದನ್ನು ಬಯಲಿಗೆಳೆಯಿತು. ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಮಂಡಲಿಯಾದ ಎನ್‌ಸಿಎಎ 1948ರಲ್ಲಿ, ಬಡತನವಿದ್ದರೆ ಮಾತ್ರ ಸಹಾಯ ಎಂಬ ಕಟ್ಟಳೆ ವಿಧಿಸಿತು. ಅದನ್ನು ಯಾರೂ ಪಾಲಿಸದಿರಲು ಮೂರೇ ವರ್ಷಕ್ಕೆ ಕೈಬಿಟ್ಟು, 1956ರಲ್ಲಿ ಆಟಕ್ಕಾಗಿಯೇ ವಿದ್ಯಾರ್ಥಿವೇತನ ಕೊಡಬಹುದೆಂದು ಒಪ್ಪಿತು. 1964ರಲ್ಲಿ ಒಡಂಬಡಿಕೆಯ ಪತ್ರವೊಂದು ಜಾರಿಗೆ ಬಂದು, ಹುಡುಗನು ಅದಕ್ಕೆ ರುಜು ಹಾಕಿದ ದಿನ ಊರಿಗೇ ಹಬ್ಬವಾಯಿತು.

ಆದರೆ ಕರೆಯುವವರ ಸಂಚಿಗೂ ಮಿತಿಯುಂಟು. ಒಂದು ಕಾಲೇಜು ಫುಟ್‌ಬಾಲಿಗಾಗಿ ಕೊಡಬಹುದಾಗಿದ್ದ ವಿದ್ಯಾರ್ಥಿವೇತನಗಳನ್ನು 1973ರಲ್ಲಿ 105ಕ್ಕೆ, 1978ರಲ್ಲಿ 95ಕ್ಕೆ, 1990ರ ದಶಕದ ಮೊದಲ ಭಾಗದಲ್ಲಿ 85ಕ್ಕೆ ಇಳಿಸಿದರು. ದೇಶದಲ್ಲಿ ಈ ಆಟವಾಡುವ ಹೈಸ್ಕೂಲು ಹುಡುಗರು ಸುಮಾರು ಹತ್ತು ಲಕ್ಷ; ಅವರಲ್ಲಿ ಎನ್‌ಸಿಎಎಗೆ ಸೇರಿದ ಯಾವುದಾದರೊಂದು ಕಾಲೇಜಿನಲ್ಲಿ ಮುಂದುವರಿಯತಕ್ಕವರು ನೂರಕ್ಕೆ ಏಳರಷ್ಟು, ಮೊದಲ ದರ್ಜೆಗೆ ಏರತಕ್ಕವರು ನೂರಕ್ಕೆ ಮೂವರಷ್ಟೂ ಅಲ್ಲ. ಕಾಲೇಜು ಶಿಕ್ಷಣ ಬಹಳ ದುಬಾರಿಯಾದ ದೇಶದಲ್ಲಿ ಈ ಎಣಿಕೆ ಬರಿಯ ಹರಟೆಯ ವಿಷಯವಲ್ಲವೆಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಭವಿಷ್ಯ ನುಡಿಯುವುದನ್ನೇ ಕಸುಬಾಗಿ ಮಾಡಿಕೊಂಡವರು 1970ರ ದಶಕದಲ್ಲಿ ಕಾಣಿಸಿಕೊಂಡರು. ಅಂಚೆ ಇಲಾಖೆಯ ಕೆಲಸದಲ್ಲಿದ್ದ ಷಿಕಾಗೊದ ಟಾಮ್ ಲೆಮಿಂಗ್ ಎಂಬಾತನು ಕಾರು ಹತ್ತಿ ದೇಶದುದ್ದಕ್ಕೂ ಅಲೆದು, ಹೈಸ್ಕೂಲು ಹುಡುಗರನ್ನು ಕಣ್ಣಾರೆ ಕಂಡು ಮಾತನಾಡಿಸಿ, ವರ್ಷವರ್ಷವೂ ಪಟ್ಟಿ ಅಚ್ಚುಹಾಕಿಸಿ ಮಾರುತ್ತಿದ್ದನು. 1998ರಲ್ಲಿ ರೈವಲ್ಸ್, 2010ರಲ್ಲಿ 247 ಸ್ಪೋರ್ಟ್ಸ್ ಎಂಬ ಸಂಸ್ಥೆಗಳು ಬಂದು ಹುಡುಗರಿಗೆ ಎರಡರಿಂದ ಐದರವರೆಗೆ ನಕ್ಷತ್ರಗಳನ್ನು ಹಂಚತೊಡಗಿದವು. ವೃತ್ತಿಪರ ಲೀಗಿನ ಆಯ್ಕೆಯ ಮೊದಲ ಸುತ್ತಿನಲ್ಲಿ 32 ಸ್ಥಾನಗಳಿರುವುದರಿಂದ, ಐದು ನಕ್ಷತ್ರದವರೂ ಸುಮಾರು 32 ಜನರೇ ಇರಬೇಕೆಂಬುದು ಎರಡನೆಯ ಸಂಸ್ಥೆಯ ನಿಯಮ. ನಕ್ಷತ್ರವೆಂಬುದು ಹುಡುಗನು ಈಗ ಆಡುವ ಆಟಕ್ಕೆ ಕೊಟ್ಟ ಅಂಕವಲ್ಲ, ಮುಂದೆ ಆಗಬಹುದಾದುದಕ್ಕೆ ಹಾಕಿದ ಅಂದಾಜು ಎಂಬುದನ್ನು ಮರೆತು ಜಗಳವಾಡುವ ಅಭಿಮಾನಿಗಳು ಬಹಳ. ಒಂದೇ ಪಂದ್ಯದಲ್ಲಿ ಇಪ್ಪತ್ತು ಬಾರಿ ಎದುರಾಳಿಯನ್ನು ಕೆಡವಿದ ತಮ್ಮೂರ ಹುಡುಗನಿಗೆ ಎರಡು ನಕ್ಷತ್ರ, ಪಕ್ಕದೂರಿನಲ್ಲಿ ಇನ್ನೂ ಆಟವನ್ನೇ ಸರಿಯಾಗಿ ಕಲಿಯದ ನೀಳಕಾಯನಿಗೆ ನಾಲ್ಕು ನಕ್ಷತ್ರ, ಇದಾವ ನ್ಯಾಯ ಎಂಬುದೇ ಅವರ ನಿತ್ಯದ ಕೊರಗು.

ಅನುಮಾನವಾದಿಗಳು: ಮೈಯೇ ಮೂಲಧನ

ಮೊದಲನೆಯ ಪಂಥದವರು ಧೂಮವನ್ನು ಕಂಡು ಅಗ್ನಿಯನ್ನು ಊಹಿಸುವವರು. ಎತ್ತರ, ತೂಕ, ತೋಳಿನ ಉದ್ದ, ನಲವತ್ತು ಗಜದ ಓಟಕ್ಕೆ ಹಿಡಿದ ಕಾಲ, ನಿಂತಲ್ಲಿಂದ ನೆಗೆದ ಎತ್ತರ, ಇಷ್ಟನ್ನು ಕೊಟ್ಟರೆ ಮಿಕ್ಕುದನ್ನು ಕೋಚು ಕಲಿಸಿಕೊಂಡಾನು. ಕಲಿಸಲಾಗದ್ದು ಮೈಕಟ್ಟೊಂದೇ, ಎಂಬುದು ಇವರ ಸಿದ್ಧಾಂತ. ಹುಡುಗನು ಬ್ಯಾಸ್ಕೆಟ್‌ಬಾಲ್ ಆಡುತ್ತಾನೆಯೆ, ಓಟದ ಪಂದ್ಯಗಳಲ್ಲಿ ಅಧಿಕೃತವಾಗಿ ದಾಖಲಾದ ಕಾಲವೆಷ್ಟು, ಕುಸ್ತಿ ಮಾಡಿದ್ದಾನೆಯೆ ಎಂದು ಇವರು ವಿಚಾರಿಸುತ್ತಾರೆ. ತಂದೆಯ ಎತ್ತರವನ್ನೂ ಕೇಳದೆ ಬಿಡುವುದಿಲ್ಲ.

ಈ ಪಂಥಕ್ಕೆ ಪ್ರಬಲ ದೃಷ್ಟಾಂತಗಳುಂಟು. ಲೂಯಿಸಿಯಾನಾದ ಡೆವಿನ್ ವೈಟ್ ಹೈಸ್ಕೂಲಿನಲ್ಲಿ ಚೆಂಡು ಹಿಡಿದು ಓಡುವವನಾಗಿ ಹೆಸರಾಗಿದ್ದು, ಎಲ್‌ಎಸ್‌ಯು ಸೇರಿದ ಮೇಲೆ ಲೈನ್‌ಬ್ಯಾಕರನಾಗಿ 2018ರ ಬಟ್ಕಸ್ ಪ್ರಶಸ್ತಿ ಪಡೆದನು. ಮರುವರ್ಷ ಅದೇ ಪ್ರಶಸ್ತಿ ಪಡೆದ ಕ್ಲೆಮ್‌ಸನ್ನಿನ ಐಸಯಾ ಸಿಮನ್ಸ್ ಕಾಲೇಜಿಗೆ ಬಂದುದು ಹಿಂದಿನ ಕಾವಲುಗಾರನಾದ ಸೇಫ್ಟಿ ಎಂಬ ಸ್ಥಾನಕ್ಕೆ. ಪೆನ್ಸಿಲ್ವೇನಿಯಾದ ಹ್ಯಾರಿಸ್‌ಬರ್ಗಿನ ಮೈಕಾ ಪಾರ್ಸನ್ಸ್ ಹೈಸ್ಕೂಲಿನಲ್ಲಿ ಮುಂದಿನ ಸಾಲಿನಂಚಿನವನಾಗಿದ್ದು, ಪೆನ್ ಸ್ಟೇಟಿನಲ್ಲಿ ಹಿಂದೆ ಸರಿದು ನಿಂತು, ವೃತ್ತಿಪರ ಆಟದಲ್ಲಿ ಮತ್ತೆ ಅಂಚಿಗೇ ಹೋದನು. ಹೀಗೆ, ಲೈನ್‌ಬ್ಯಾಕರುಗಳಲ್ಲಿ ಹಲವರು ಹೈಸ್ಕೂಲಿನಲ್ಲಿ ಲೈನ್‌ಬ್ಯಾಕರುಗಳೇ ಆಗಿರಲಿಲ್ಲವಾದಮೇಲೆ, ಹೈಸ್ಕೂಲಿನಲ್ಲಿ ಆ ಸ್ಥಾನದಲ್ಲಿ ಆಡಿ ತೋರಿಸಿದ್ದಕ್ಕೆ ಎಷ್ಟು ಬೆಲೆ, ಎಂದು ಇವರು ಕೇಳುತ್ತಾರೆ. ಕೇಳತಕ್ಕ ಪ್ರಶ್ನೆಯೇ.

ಇವರ ದೌರ್ಬಲ್ಯವಿರುವುದು ಅಳತೆಗೋಲಿನ ಎರಡು ತುದಿಯಲ್ಲೂ ಸಿಕ್ಕದವರ ವಿಷಯದಲ್ಲಿ. ಟೆಕ್ಸಸ್ಸಿನ ಜ್ಯಾಕ್ ಥಾಮಸ್ ಐದು ಅಡಿ ಹನ್ನೊಂದು ಅಂಗುಲದವನೆಂಬ ಕಾರಣಕ್ಕೆ ಹಿಂದೆ ಬಿದ್ದು, 1996ರಲ್ಲಿ ಐದನೆಯ ಸುತ್ತಿನಲ್ಲಿ ಆಯ್ಕೆಯಾಗಿ, 2023ರಲ್ಲಿ ವೃತ್ತಿಪರ ಆಟದ ಕೀರ್ತಿಭವನವನ್ನೇ ಸೇರಿದನು. ನಡುವಣ ಸ್ಥಾನಕ್ಕೆ ತೂಕ ಸಾಲದು, ಹಿಂದಣ ಸ್ಥಾನಕ್ಕೆ ವೇಗ ಸಾಲದು ಎನ್ನಿಸುವ ಹುಡುಗನಿಗೆ ಅಭಿಮಾನಿಗಳಲ್ಲಿ ಟ್ವೀನರ್ ಎಂದು ಹೆಸರು. ಹಿಂದೆ ಇದು ಬೈಗುಳವಾಗಿತ್ತು. ಆಟ ಬದಲಾದಂತೆ ಹೊಗಳಿಕೆಯಾಗುತ್ತಿದೆ.

ಪ್ರತ್ಯಕ್ಷವಾದಿಗಳು: ಆಡಿದ್ದನ್ನು ನೋಡಿ

ಎರಡನೆಯ ಪಂಥದವರಿಗೆ ಫಿಲ್ಮೇ ವೇದ. ನೆಬ್ರಾಸ್ಕದ ಲಿಂಕನ್ ನಗರದಲ್ಲಿ 2006ರಲ್ಲಿ ಹುಟ್ಟಿದ ಹಡಲ್ ಎಂಬ ಸಂಸ್ಥೆಯಿಂದಾಗಿ ಸಣ್ಣಪುಟ್ಟ ಹಳ್ಳಿಯ ಹುಡುಗನ ಆಟವೂ ದೃಶ್ಯರೂಪದಲ್ಲಿ ದೇಶದ ಯಾವ ಕೋಚಿಗಾದರೂ ದೊರೆಯುವಂತಾಗಿದೆ. ಮೈಯಳತೆ ಹೇಳುವುದು ಸಾಮರ್ಥ್ಯವನ್ನು, ಆಟ ಹೇಳುವುದು ಸಾಧನೆಯನ್ನು. ಅಳತೆಪಟ್ಟಿ ಹಿಡಿದವರು ಹೋರಿಯ ಸಂತೆಯಲ್ಲಿ ನಿಂತಂತೆ ಹಲ್ಲು ಎಣಿಸುತ್ತಿರಲಿ, ನಾವು ಉಳುವುದನ್ನು ನೋಡುತ್ತೇವೆ, ಎಂಬುದು ಇವರ ನಿಲುವು.

ಇವರ ಮಾತಿನಲ್ಲಿ ಹುರುಳಿದೆಯಾದರೂ ಎರಡು ಆಕ್ಷೇಪಗಳನ್ನು ತಳ್ಳಿಹಾಕುವಂತಿಲ್ಲ. ಎದುರಾಳಿ ಯಾರು ಎಂಬುದು ಮೊದಲನೆಯದು. ಟೆಕ್ಸಸ್ಸಿನಲ್ಲಿ ಶಾಲೆಗಳನ್ನು ವಿದ್ಯಾರ್ಥಿಗಳ ಸಂಖ್ಯೆಗನುಸಾರವಾಗಿ ಆರು ವರ್ಗ ಮಾಡಿದ್ದಾರೆ. ಅತಿ ಸಣ್ಣ ವರ್ಗದಲ್ಲಿ ಹನ್ನೊಂದು ಹುಡುಗರು ಕೂಡದೆ ಆರೇ ಜನರ ಆಟವಾಡುವ ಶಾಲೆಗಳೂ ಉಂಟು. ಅಲ್ಲಿ ಸಿಂಹವಾದವನು ದೊಡ್ಡ ವರ್ಗದ ಅಡವಿಯಲ್ಲಿ ಏನಾದಾನೆಂಬುದು ಫಿಲ್ಮಿನಲ್ಲಿ ಕಾಣುವುದಿಲ್ಲ. ಎರಡನೆಯದು, ಹೈಲೈಟ್ ಎಂದು ಹರಿದಾಡುವ ಮೂರು ನಾಲ್ಕು ನಿಮಿಷದ ಚಿತ್ರದಲ್ಲಿ ಹುಡುಗನು ಕೆಡವಿದ್ದೆಲ್ಲ ಇರುತ್ತದೆ, ಕೆಡವದೆ ಬಿಟ್ಟದ್ದು ಇರುವುದಿಲ್ಲ. ಲೈನ್‌ಬ್ಯಾಕರನ ನಿಜವಾದ ತಪ್ಪುಗಳು ಚೆಂಡಿನಿಂದ ದೂರದಲ್ಲಿ, ಕ್ಯಾಮೆರಾ ನೋಡದ ಕಡೆಯಲ್ಲಿ ಆಗತಕ್ಕವು. ಆದುದರಿಂದ, ಪ್ರತ್ಯಕ್ಷವಾದಿಯು ನೋಡುತ್ತಿರುವುದು ಪ್ರತ್ಯಕ್ಷವನ್ನಲ್ಲ, ಹುಡುಗನ ಚಿಕ್ಕಪ್ಪನೋ ಗೆಳೆಯನೋ ಕತ್ತರಿಸಿ ಜೋಡಿಸಿದ ಪ್ರಶಸ್ತಿಕಾವ್ಯವನ್ನು.

ಆಪ್ತವಾಕ್ಯವಾದಿಗಳು: ಕರೆದವರಾರು?

ಮೂರನೆಯ ಪಂಥವು ತನ್ನ ಕಣ್ಣನ್ನೂ ನಂಬುವುದಿಲ್ಲ, ಅಳತೆಯನ್ನೂ ನಂಬುವುದಿಲ್ಲ. ಲಕ್ಷಾಂತರ ಡಾಲರು ಸಂಬಳ ಪಡೆದು ಹಗಲಿರುಳೂ ಇದನ್ನೇ ಮಾಡುವ ಕೋಚುಗಳು ಯಾರಿಗೆ ಆಫರು ಕೊಟ್ಟರೋ ಅವನೇ ಯೋಗ್ಯ. ಜಾರ್ಜಿಯ, ಒಹಾಯೊ ಸ್ಟೇಟ್, ಅಲಬಾಮ ಮೂರೂ ಕರೆದಿದ್ದರೆ ಮುಂದೆ ಮಾತೇಕೆ? ನಕ್ಷತ್ರಗಳ ಪಟ್ಟಿಯೂ ಒಟ್ಟಿನಲ್ಲಿ ಸುಳ್ಳಲ್ಲವೆಂದು ಇವರು ಹೇಳುವುದು ನಿಜವೇ. ಐದು ನಕ್ಷತ್ರದವರು ವೃತ್ತಿಪರ ಲೀಗಿಗೆ ಆಯ್ಕೆಯಾಗುವ ಸಂಭವ ಮೂರು ನಕ್ಷತ್ರದವರಿಗಿಂತ ಬಹುಪಟ್ಟು ಹೆಚ್ಚು. ತಾನು ಸೇರಿಸಿಕೊಂಡ ಹುಡುಗರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಾಲ್ಕೈದು ನಕ್ಷತ್ರದವರಾಗಿಲ್ಲದ ತಂಡ ರಾಷ್ಟ್ರೀಯ ಪಟ್ಟ ಗೆಲ್ಲುವುದಿಲ್ಲವೆಂದು ಬಡ್ ಎಲಿಯಟ್ ಎಂಬ ಬರಹಗಾರನು ತೋರಿಸಿಕೊಟ್ಟ ಲೆಕ್ಕ ಬಹುಕಾಲ ಸುಳ್ಳಾಗಲಿಲ್ಲ. ಆದರೂ ವೃತ್ತಿಪರ ಲೀಗಿನಲ್ಲಿ ಮೂರು ನಕ್ಷತ್ರದವರೇ ದಂಡಿಯಾಗಿ ಕಾಣುವುದಕ್ಕೆ ಕಾರಣ, ಅಂಥವರ ಸಂಖ್ಯೆಯೇ ಅಪಾರವಾಗಿರುವುದು. ಪ್ರಮಾಣಕ್ಕೂ ಸಂಖ್ಯೆಗೂ ಇರುವ ಈ ಭೇದವನ್ನು ಗಮನಿಸದೆ ಎರಡು ಕಡೆಯವರೂ ತಮ್ಮ ತಮ್ಮ ಉದಾಹರಣೆಗಳನ್ನು ಕೂಗಿ ಹೇಳುತ್ತಿರುತ್ತಾರೆ.

ಈ ಪಂಥದ ಕೊರತೆ ಅನ್ಯೋನ್ಯಾಶ್ರಯ ದೋಷ. ಪಟ್ಟಿ ಮಾಡುವವರು ಯಾರು ಆಫರು ಕೊಟ್ಟರೆಂದು ನೋಡಿ ನಕ್ಷತ್ರ ಏರಿಸುತ್ತಾರೆ. ಕೋಚುಗಳಲ್ಲಿ ಕೆಲವರು ನಕ್ಷತ್ರ ನೋಡಿ ಆಫರು ಕೊಡುತ್ತಾರೆ. ಅಭಿಮಾನಿ ಎರಡನ್ನೂ ನೋಡಿ ಎರಡು ಸಾಕ್ಷಿ ಸಿಕ್ಕಿತೆಂದು ಹಿಗ್ಗುತ್ತಾನೆ. ಈ ಚಕ್ರದೊಳಕ್ಕೆ ಹೊಕ್ಕದ ಹುಡುಗನ ಗತಿಗೆ ಖಲೀಲ್ ಮ್ಯಾಕ್ ನಿದರ್ಶನ. ಫ್ಲಾರಿಡದ ಫೋರ್ಟ್ ಪಿಯರ್ಸಿನವನಾದ ಈತನು ಹೈಸ್ಕೂಲಿನಲ್ಲಿ ಫುಟ್‌ಬಾಲ್ ಆಡಿದ್ದು ಒಂದೇ ವರ್ಷ. ಸಿಕ್ಕಿದ್ದು ಎರಡು ನಕ್ಷತ್ರ. ಸೇರಿದ್ದು ಬಫಲೋ ವಿಶ್ವವಿದ್ಯಾಲಯ. 2014ರಲ್ಲಿ ವೃತ್ತಿಪರ ಲೀಗಿನ ಐದನೆಯ ಆಯ್ಕೆಯಾಗಿ, 2016ರಲ್ಲಿ ಅಲ್ಲಿನ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರನೆನಿಸಿದನು.

ಕಣ್ಣಿಗೆ ಬೀಳದ ಗುಣ

ನಾಲ್ಕನೆಯವರನ್ನು ಪಂಥವೆನ್ನುವುದಕ್ಕಿಂತ ಒಂದು ಸಂದೇಹವೆನ್ನುವುದು ಲೇಸು. ಲೈನ್‌ಬ್ಯಾಕರನ ಮುಖ್ಯ ಗುಣ ಎದುರಾಳಿಯ ಉದ್ದೇಶವನ್ನು ಓದಿಕೊಳ್ಳುವ ಬುದ್ಧಿಯೆಂದೂ, ಅದನ್ನು ಅಳೆಯುವ ಗಡಿಯಾರವಾಗಲಿ ತಕ್ಕಡಿಯಾಗಲಿ ಇಲ್ಲವೆಂದೂ ಇವರು ಹೇಳುತ್ತಾರೆ. ಸಿನ್ಸಿನಾಟಿಯ ಸೇಂಟ್ ಜೇವಿಯರ್ ಹೈಸ್ಕೂಲಿನ ಲೂಕ್ ಕೀಕ್ಲಿ ಮೂರು ನಕ್ಷತ್ರದವನಾಗಿ ಬಾಸ್ಟನ್ ಕಾಲೇಜಿಗೆ ಹೋದಾಗ ಯಾರೂ ಕಣ್ಣರಳಿಸಲಿಲ್ಲ. 2011ರಲ್ಲಿ ಅವನು ಬಟ್ಕಸ್ ಪ್ರಶಸ್ತಿ ಗೆದ್ದು, ಮರುವರ್ಷ ಒಂಬತ್ತನೆಯ ಆಯ್ಕೆಯಾಗಿ ಕೆರೊಲೈನ ತಂಡವನ್ನು ಸೇರಿ, 2013ರಲ್ಲಿಯೇ ಲೀಗಿನ ಶ್ರೇಷ್ಠ ರಕ್ಷಣಾ ಆಟಗಾರನಾದನು. ಚೆಂಡು ಕದಲುವ ಮೊದಲೇ ಎದುರಾಳಿ ಏನು ಮಾಡಲಿದ್ದಾನೆಂದು ತನ್ನವರಿಗೆ ಕೂಗಿ ಹೇಳುವುದರಲ್ಲಿ ಅವನಿಗೆ ಸಮನಿರಲಿಲ್ಲ. ಮಿಸಿಸಿಪ್ಪಿಯ ನಕೋಬಿ ಡೀನ್ ಹೈಸ್ಕೂಲು ಮತ್ತು ಕಾಲೇಜು ಎರಡು ಮಟ್ಟದ ಬಟ್ಕಸ್ ಪ್ರಶಸ್ತಿಗಳನ್ನೂ ಪಡೆದು, 2021ರ ಋತುವಿನಲ್ಲಿ ಜಾರ್ಜಿಯ ತಂಡವು ರಾಷ್ಟ್ರೀಯ ಪಟ್ಟ ಗೆಲ್ಲಲು ಕಾರಣನಾದವರಲ್ಲಿ ಒಬ್ಬನಾಗಿದ್ದರೂ, ಮೈಯಳತೆಯ ಮತ್ತು ಗಾಯದ ಶಂಕೆಯಿಂದ ಮೂರನೆಯ ಸುತ್ತಿನವರೆಗೆ ಕಾಯಬೇಕಾಯಿತು.

ನನ್ನ ಮಟ್ಟಿಗೆ ಈ ನಾಲ್ಕನೆಯವರ ಮಾತೇ ಸತ್ಯಕ್ಕೆ ಹತ್ತಿರ. ಆದರೆ ಆ ಸತ್ಯ ಎಷ್ಟರಮಟ್ಟಿಗೆ ಉಪಯೋಗಕ್ಕೆ ಬರುತ್ತದೆ? ಕೀಕ್ಲಿಯ ಬುದ್ಧಿಯನ್ನು ಕೊಂಡಾಡಿದವರೆಲ್ಲ ಅವನು ಗೆದ್ದ ಮೇಲೆ ಕೊಂಡಾಡಿದವರು. ಮೊದಲ ಮೂರು ಪಂಥಗಳು ತಪ್ಪಾಗಿಯಾದರೂ ಮುಂಚಿತವಾಗಿ ಹೇಳುತ್ತವೆ; ಇದು ಸರಿಯಾಗಿ, ಆದರೆ ಕಡೆಯಲ್ಲಿ ಹೇಳುತ್ತದೆ.

ಹುಡುಗನ ಮನಸ್ಸು

ಈ ಎಲ್ಲ ವಾದದಲ್ಲಿಯೂ ಹುಡುಗನನ್ನು ಕಾಲೇಜು ಆರಿಸುತ್ತದೆಯೆಂಬ ಭಾವನೆಯುಂಟು; ಆದರೆ ಹುಡುಗನೂ ಆರಿಸುತ್ತಾನೆ. ಅಲಬಾಮದ ರೂಬೆನ್ ಫಾಸ್ಟರ್ ಆಬರ್ನ್ ವಿಶ್ವವಿದ್ಯಾಲಯಕ್ಕೆ ಮಾತು ಕೊಟ್ಟು ಅದರ ಲಾಂಛನವನ್ನು ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದರೂ, 2013ರಲ್ಲಿ ಸಹಿ ಮಾಡಿದ್ದು ಅದರ ಬದ್ಧವೈರಿಯಾದ ಅಲಬಾಮ ವಿಶ್ವವಿದ್ಯಾಲಯಕ್ಕೆ. ಅದಕ್ಕಿಂತ ಮನನೀಯವಾದುದು ರೋಕ್ವಾನ್ ಸ್ಮಿತ್ ಎಂಬವನ ಕಥೆ. ಜಾರ್ಜಿಯದ ಮಾಂಟೆಜೂಮ ಎಂಬ ಸಣ್ಣ ಊರಿನ ಈ ಹುಡುಗನು 2015ರ ಫೆಬ್ರವರಿಯಲ್ಲಿ, ಸಹಿಯ ದಿನ, ಟೆಲಿವಿಷನ್ನಿನ ಎದುರಿನಲ್ಲಿ ಯುಸಿಎಲ್‌ಎ ಸೇರುವುದಾಗಿ ಸಾರಿದನು. ಅಷ್ಟರಲ್ಲಿ, ತನ್ನನ್ನು ಕರೆದ ಕೋಚು ಜೆಫ್ ಉಲ್‌ಬ್ರಿಕ್ ಅಲ್ಲಿನ ಕೆಲಸ ಬಿಟ್ಟು ಅಟ್ಲಾಂಟದ ವೃತ್ತಿಪರ ತಂಡಕ್ಕೆ ಹೋಗಲಿರುವನೆಂಬ ಸುದ್ದಿ ಕಿವಿಗೆ ಬೀಳಲು, ಒಡಂಬಡಿಕೆಯ ಪತ್ರವನ್ನು ಕಳುಹಿಸದೆ ಕೈಯಲ್ಲೇ ಉಳಿಸಿಕೊಂಡನು. ಕೆಲವೇ ದಿನಗಳ ತರುವಾಯ, ತನ್ನನ್ನು ಕಟ್ಟಿಹಾಕುವ ಆ ಪತ್ರಕ್ಕೆ ಸಹಿ ಮಾಡದೆಯೇ, ತವರು ಪ್ರಾಂತದ ಜಾರ್ಜಿಯ ವಿಶ್ವವಿದ್ಯಾಲಯವನ್ನು ಸೇರಿದನು. 2017ರ ಬಟ್ಕಸ್ ಪ್ರಶಸ್ತಿ ಅವನದಾಯಿತು. ಹಿರಿಯರು ಬರೆದ ಕರಾರಿನಲ್ಲಿ ಹಿರಿಯರು ಮಾತ್ರ ಬಿಟ್ಟುಹೋಗಬಹುದೆಂದಿರುವುದನ್ನು ಹದಿನೇಳು ಹದಿನೆಂಟರ ಹುಡುಗನೊಬ್ಬನು ಓದಿಕೊಂಡನೆಂದರೆ, ಲೈನ್‌ಬ್ಯಾಕರನಿಗೆ ಬೇಕಾದ ಬುದ್ಧಿಗೆ ಬೇರೆ ಪರೀಕ್ಷೆ ಬೇಕಿರಲಿಲ್ಲ.

ಇತ್ತೀಚಿನ ಪಲ್ಲಟ

ವಾದದ ನೆಲವೇ ಈಚೆಗೆ ಅಲುಗಿದೆ. 2018ರ ಅಕ್ಟೋಬರಿನಲ್ಲಿ, ಕಾಲೇಜು ಬದಲಾಯಿಸಬಯಸುವ ಆಟಗಾರರ ಹೆಸರು ನಮೂದಿಸುವ ಟ್ರಾನ್ಸ್‌ಫರ್ ಪೋರ್ಟಲ್ ತೆರೆಯಿತು. 2021ರ ಜೂನಿನಲ್ಲಿ ಆಲ್‌ಸ್ಟನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರೂ ಒಮ್ಮತದಿಂದ ಎನ್‌ಸಿಎಎಗೆ ವಿರುದ್ಧವಾಗಿ ತೀರ್ಪಿತ್ತರು. ಜುಲೈ 1ರಿಂದ ಆಟಗಾರನು ತನ್ನ ಹೆಸರು ಮತ್ತು ಚಿತ್ರಗಳಿಂದ ಹಣ ಗಳಿಸಬಹುದೆಂದಾಯಿತು. ಒಡಂಬಡಿಕೆಯ ಪತ್ರವನ್ನು 2024ರಲ್ಲಿ, ಹುಟ್ಟಿದ ಅರವತ್ತು ವರ್ಷಕ್ಕೆ, ರದ್ದುಮಾಡಿದರು. 2025ರ ಜೂನಿನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಮೇರೆಗೆ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಅದರ ಜತೆಗೆ ತಂಡದ ಒಟ್ಟು ಸಂಖ್ಯೆ 105ನ್ನು ಮೀರಕೂಡದು. ಇದರ ಪರಿಣಾಮವಾಗಿ, ಮೂರು ವರ್ಷ ಕಾದು ತಿದ್ದಬೇಕಾದ ಹೈಸ್ಕೂಲು ಹುಡುಗನಿಗಿಂತ ಬೇರೊಂದು ಕಾಲೇಜಿನಲ್ಲಿ ಪಳಗಿದ ಇಪ್ಪತ್ತೊಂದರವನನ್ನು ಕರೆತರುವುದು ಕೋಚಿಗೆ ಸುಲಭವಾಯಿತು. ಪೆಟ್ಟು ಬಿದ್ದುದು ಐದು ನಕ್ಷತ್ರದವನಿಗಲ್ಲ. ಎರಡು ಮೂರು ನಕ್ಷತ್ರದ, ನಿಧಾನವಾಗಿ ಬಲಿಯತಕ್ಕ ಹುಡುಗನಿಗೆ.

ಇತ್ಯರ್ಥವಾಗದೆ ಉಳಿದವು

ನಕ್ಷತ್ರ ಪಡೆದವನು ಗೆಲ್ಲುವುದು ಯೋಗ್ಯತೆಯಿಂದಲೋ, ನಕ್ಷತ್ರ ತಂದುಕೊಟ್ಟ ಹೆಚ್ಚಿನ ಅವಕಾಶದಿಂದಲೋ ಎಂಬುದನ್ನು ಯಾರೂ ಬೇರ್ಪಡಿಸಿ ತೋರಿಸಿಲ್ಲ. ಆಟವನ್ನು ಓದುವ ಬುದ್ಧಿಯನ್ನು ಹದಿನೇಳರಲ್ಲಿ ಅಳೆಯುವುದು ಸಾಧ್ಯವೆ, ಅಥವಾ ಅದು ಕಾಲೇಜಿನ ಕೋಚಿನ ಕೈಯಲ್ಲಿಯೇ ಹುಟ್ಟುವಂಥದೆ ಎಂಬುದೂ ಹಾಗೆಯೇ ಉಳಿದಿದೆ. ಕಾಲೇಜುಗಳು ಬಲಿತವರನ್ನೇ ಕೊಳ್ಳುವುದಾದರೆ ಇನ್ನೊಬ್ಬ ಮ್ಯಾಕ್ ಬಫಲೋವಿನಂಥ ತಾಣದಲ್ಲಿ ಕಣ್ಣಿಗೆ ಬೀಳುವನೆ, ಬಿದ್ದರೆ ಅಲ್ಲಿ ಎಷ್ಟು ಕಾಲ ಉಳಿಯುವನು? ಅಪ್ರಾಪ್ತವಯಸ್ಕನೊಬ್ಬನ ಮೈಮನಸ್ಸುಗಳನ್ನು ಊರಿಗೆ ಊರೇ ನಿಂತು ತೂಗುವುದು ಉಚಿತವೆ ಎಂಬ ಪ್ರಶ್ನೆಯನ್ನು ಆ ಗುಂಪಿನಲ್ಲಿ ಎತ್ತಿದವರು ಕಡಿಮೆ.

ಇನ್ನೊಂದು ಸಂಗತಿಯುಂಟು. ಮಗನು ಮೈ ತುಂಬಿಕೊಳ್ಳಲೆಂದು ಕೆಳಗಿನ ತರಗತಿಯಲ್ಲಿಯೇ ಒಂದು ವರ್ಷ ನಿಲ್ಲಿಸುವ ತಂದೆತಾಯಿಗಳು ಅಲ್ಲಿ ಇದ್ದಾರೆ. ಆದುದರಿಂದ ಕೊನೆಯ ತರಗತಿಯ ಇಬ್ಬರು ಹುಡುಗರ ನಡುವೆ ಒಂದೂವರೆ ವರ್ಷದ ಅಂತರವಿರಬಹುದು, ಆ ವಯಸ್ಸಿನಲ್ಲಿ ಅದು ಇಪ್ಪತ್ತು ಪೌಂಡಿನ ಅಂತರವೂ ಆಗಬಹುದು. ಪಟ್ಟಿಗಳಲ್ಲಿ ಹುಡುಗನ ಹೆಸರಿನ ಪಕ್ಕದಲ್ಲಿ ಊರು, ಶಾಲೆ, ಎತ್ತರ, ತೂಕ, ನಕ್ಷತ್ರ ಎಲ್ಲವನ್ನೂ ಬರೆದಿರುತ್ತಾರೆ. ಹುಟ್ಟಿದ ತಾರೀಖು ಸಾಮಾನ್ಯವಾಗಿ ಇರುವುದಿಲ್ಲ. ನಮ್ಮ ಜೋಯಿಸರು ಮೊದಲು ಕೇಳುವುದು ಅದನ್ನೇ.